ಕಡಲತೀರದ ಪುಟ್ಟ ಮ್ಯೂಸಿಯಂನಲ್ಲಿ ಜನ ಸೇರುವಂಥ ಕಾರ್ಯಕ್ರಮ ಮಾಡುವುದು ಹೇಗೆ

ಹಡಗು, ದೋಣಿ, ಬಂದರುಗಳ ಇತಿಹಾಸ ಹೇಳುವ ಸಣ್ಣ ಮ್ಯೂಸಿಯಂಗಳು ಹೆಚ್ಚು ಕಡಿಮೆ ಒಂದೇ ತರ ಇರುತ್ತವೆ. ಎರಡು ಮೂರು ಕೋಣೆ, ಬಾಗಿಲ ಹತ್ತಿರ ಒಂದು ಹಳೇ ಲಂಗರು, ಗಾಜಿನ ಪೆಟ್ಟಿಗೆಯಲ್ಲಿ ದಿಕ್ಸೂಚಿ, ಗೋಡೆ ತುಂಬ ಹಡಗುಗಳ ಫೋಟೋ, ನೋಡಿಕೊಳ್ಳಲು ಒಬ್ಬರೋ ಇಬ್ಬರೋ. ಊರಿನವರು ಶಾಲೆಗೆ ಹೋಗುತ್ತಿದ್ದಾಗ ಒಮ್ಮೆ ಬಂದಿರುತ್ತಾರೆ. ಆಮೇಲೆ ಈ ಕಡೆ ತಲೆ ಹಾಕಿರುವುದಿಲ್ಲ, ಯಾಕೆಂದರೆ ನೋಡುವುದನ್ನೆಲ್ಲ ನೋಡಿ ಆಗಿದೆ ಅಲ್ವಾ. ಅವರು ಮತ್ತೆ ಬರಬೇಕಾದರೆ ಅಲ್ಲಿ ಮಾಡಲು ಏನಾದರೂ ಇರಬೇಕು.

ಇಂಥ ಕಡೆ ಕಾರ್ಯಕ್ರಮ ಎಂದ ಕೂಡಲೇ ಎಲ್ಲರಿಗೂ ಮೊದಲು ಹೊಳೆಯುವುದು ಉಪನ್ಯಾಸ. ಕುರ್ಚಿ ಹಾಕಿ, ಮೈಕ್ ಕಟ್ಟಿ, ಯಾರನ್ನಾದರೂ ಕರೆಸಿ ಮಾತಾಡಿಸುವುದು. ಅದೂ ಇರಲಿ, ಆದರೆ ಅದರಿಂದ ಶುರು ಮಾಡಬೇಡಿ. ನನ್ನ ಪ್ರಕಾರ ಪುಟ್ಟ ಮ್ಯೂಸಿಯಂಗೆ ಒಗ್ಗುವ ದಾರಿ ಬೇರೆ. ಕಪಾಟಿನಲ್ಲಿರುವ ಒಂದೇ ಒಂದು ವಸ್ತುವನ್ನು ಆರಿಸಿಕೊಳ್ಳಿ, ಅದು ಹಡಗಿನಲ್ಲಿ ಮಾಡುತ್ತಿದ್ದ ಕೆಲಸವನ್ನು ಬಂದವರ ಕೈಯಿಂದಲೇ ಮಾಡಿಸಿ. ದೊಡ್ಡ ಮ್ಯೂಸಿಯಂನಲ್ಲಿ ಸಾವಿರ ಜನರ ನಡುವೆ ಇದು ಕಷ್ಟ. ನಿಮ್ಮಲ್ಲಿ ಹದಿನೈದು ಜನ ಬಂದರೆ ಹದಿನೈದು ಜನರಿಗೂ ಹಗ್ಗ ಹಿಡಿಯಲು ಸಿಗುತ್ತದೆ, ಪ್ರಶ್ನೆ ಕೇಳಲು ಸಮಯ ಸಿಗುತ್ತದೆ, ಮತ್ತು ಕಿಟಕಿಯಿಂದ ಕಡಲು ಕಾಣುತ್ತಿರುತ್ತದೆ.

ಘಂಟೆಯಿಂದ ಶುರು ಮಾಡಿ

ಮೊದಲ ಕಾರ್ಯಕ್ರಮಕ್ಕೆ ವೇದಿಕೆ, ಅತಿಥಿ ಯಾವುದೂ ಬೇಡ. ಹಡಗಿನ ಘಂಟೆಯ ಒಂದು ಪ್ರತಿಕೃತಿ ತೂಗುಹಾಕಿ, ಅರ್ಧ ಗಂಟೆಗೊಮ್ಮೆ ಅಲ್ಲಿರುವ ಯಾರಾದರೂ ಮಗುವಿನ ಕೈಯಲ್ಲಿ ಹೊಡೆಸಿ. ಹಡಗಿನಲ್ಲಿ ಕಾವಲಿನ ಪಾಳಿ ಸಾಮಾನ್ಯವಾಗಿ ನಾಲ್ಕು ತಾಸಿನದು. ಪಾಳಿ ಶುರುವಾಗಿ ಅರ್ಧ ತಾಸಿಗೆ ಒಂದು ಹೊಡೆತ, ಒಂದು ತಾಸಿಗೆ ಎರಡು, ಹೀಗೆ ಏರುತ್ತಾ ಹೋಗಿ ಪಾಳಿ ಮುಗಿಯುವಾಗ ಎಂಟು. ಬೆಳಗ್ಗೆ 8ಕ್ಕೆ ಶುರುವಾದ ಪಾಳಿಯಲ್ಲಿ 10 ಗಂಟೆಗೆ ನಾಲ್ಕು, 11.30ಕ್ಕೆ ಏಳು, 12ಕ್ಕೆ ಎಂಟು, 12.30ಕ್ಕೆ ಮತ್ತೆ ಒಂದರಿಂದ ಶುರು. ಹೊಡೆತಗಳನ್ನು ಜೋಡಿ ಜೋಡಿಯಾಗಿ ಹೊಡೆಯಬೇಕು. ಠಣ್ ಠಣ್, ಸ್ವಲ್ಪ ಬಿಡುವು, ಮತ್ತೆ ಠಣ್ ಠಣ್. ಬೆಸ ಸಂಖ್ಯೆಯಾದರೆ ಕೊನೆಯದು ಒಂಟಿ.

ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಘಂಟೆಯ ಪಕ್ಕ ಅಂಟಿಸಿದರೆ ಸಾಕು. ಹೊಡೆದ ಮಗು ಹೆಸರು, ಸಮಯ ಬರೆಯಲು ಒಂದು ಪುಸ್ತಕ ಇಡಿ, ಹಡಗಿನ ದಿನಚರಿ ಪುಸ್ತಕದ ಹಾಗೆ. ಗಾಳಿ ಯಾವ ದಿಕ್ಕಿನದು, ಆಕಾಶ ಹೇಗಿದೆ, ಕಾಣುವಷ್ಟು ದೂರದಲ್ಲಿ ದೋಣಿ ಏನಾದರೂ ಇದೆಯಾ ಅಂತಲೂ ಬರೆಸಿ. ನಿಜವಾದ ಹಳೇ ಘಂಟೆಯನ್ನು ಮಾತ್ರ ಇದಕ್ಕೆ ಬಳಸಬೇಡಿ, ಕಣ್ಣಿಗೆ ಕಾಣದ ಬಿರುಕು ಇದ್ದರೆ ಒಂದೇ ಏಟಿಗೆ ದೊಡ್ಡದಾಗಬಹುದು.

ವೇಗ ಅಳೆಯುವ ಹಗ್ಗ

ನನಗೆ ತುಂಬಾ ಇಷ್ಟವಾದ ಚಟುವಟಿಕೆ ಇದು, ಅದಕ್ಕೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಹಾಯಿ ಹಡಗುಗಳ ಕಾಲದಲ್ಲಿ ವೇಗ ಅಳೆಯಲು ಬಳಸುತ್ತಿದ್ದದ್ದು ಒಂದು ಮರದ ಹಲಗೆ, ಒಂದು ಉದ್ದನೆಯ ಹಗ್ಗ, ಒಂದು ಮರಳು ಗಡಿಯಾರ. ಹಲಗೆ ವೃತ್ತದ ಕಾಲು ಭಾಗದ ಆಕಾರದ್ದು. ಬಾಗಿದ ಅಂಚಿಗೆ ಸೀಸ ಕೂರಿಸಿರುವುದರಿಂದ ಅದು ನೀರಿನಲ್ಲಿ ನೆಟ್ಟಗೆ ನಿಂತು, ಹಡಗಿನ ಹಿಂದೆ ಎಳೆದುಕೊಂಡು ಬರದೆ ಇದ್ದಲ್ಲೇ ಇರುತ್ತದೆ. ಹಡಗು ಮುಂದೆ ಹೋದ ಹಾಗೆ ಹಗ್ಗ ಬಿಚ್ಚಿಕೊಳ್ಳುತ್ತದೆ. ಹಗ್ಗಕ್ಕೆ ಸಮ ಅಂತರದಲ್ಲಿ ಗಂಟು ಹಾಕಿರುತ್ತಾರೆ. 28 ಸೆಕೆಂಡಿನ ಮರಳು ಇಳಿಯುವಷ್ಟರಲ್ಲಿ ಕೈಯಿಂದ ಎಷ್ಟು ಗಂಟು ಜಾರಿದವೋ ಹಡಗಿನ ವೇಗ ಅಷ್ಟು ನಾಟ್. ಒಂದು ನಾಟಿಕಲ್ ಮೈಲಿ ಎಂದರೆ 1,852 ಮೀಟರ್, ಒಂದು ನಾಟ್ ಎಂದರೆ ತಾಸಿಗೆ ಅಷ್ಟು ದೂರ. ಲೆಕ್ಕ ಹಾಕಿದರೆ 28 ಸೆಕೆಂಡಿಗೆ 14.4 ಮೀಟರ್ ಬರುತ್ತದೆ, ಅದೇ ಗಂಟುಗಳ ನಡುವಿನ ಅಂತರ.

ನಿಮ್ಮ ಅಂಗಳದಲ್ಲಿ ಅಷ್ಟು ಜಾಗ ಇರುವುದಿಲ್ಲ. ಹಾಗಾಗಿ ಸಮಯವನ್ನೂ ಅಂತರವನ್ನೂ ಕಾಲು ಭಾಗ ಮಾಡಿಕೊಳ್ಳಿ. 7 ಸೆಕೆಂಡು, 3.6 ಮೀಟರಿಗೆ ಒಂದು ಗಂಟು. ಇಪ್ಪತ್ತೈದು ಮೀಟರ್ ಹಗ್ಗ ತಂದು ಆರು ಗಂಟು ಹಾಕಿ, ಪ್ರತಿ ಗಂಟಿಗೂ ಒಂದು ಬಣ್ಣದ ಬಟ್ಟೆ ಚೂರು ಕಟ್ಟಿ. ಹಗ್ಗವನ್ನು ಒಂದು ರಾಟೆಗೋ ಕೋಲಿಗೋ ಸುತ್ತಿ. ಒಬ್ಬರು ಹಗ್ಗದ ತುದಿಯ ಹಲಗೆ ಹಿಡಿದು ಅಲುಗಾಡದೆ ನಿಲ್ಲಬೇಕು, ಅವರೇ ನೀರಿನಲ್ಲಿ ನಿಂತ ಹಲಗೆ. ಇನ್ನೊಬ್ಬರು ರಾಟೆ ಹಿಡಿದು ನಡೆಯುತ್ತಾ ಹೋಗಬೇಕು, ಅವರು ಹಡಗು. ಮೂರನೆಯವರು ರಾಟೆಯ ಜೊತೆಗೇ ನಡೆಯುತ್ತಾ ಗಂಟು ಎಣಿಸಬೇಕು. ನಾಲ್ಕನೆಯವರ ಕೈಯಲ್ಲಿ ಗಡಿಯಾರ, 7 ಸೆಕೆಂಡಿಗೆ ಸರಿಯಾಗಿ "ನಿಲ್ಲಿ" ಎಂದು ಕೂಗುವುದು ಅವರ ಕೆಲಸ. ಸಾಧಾರಣ ನಡಿಗೆ ತಾಸಿಗೆ 5 ಕಿಲೋಮೀಟರ್ ಅಂದುಕೊಂಡರೆ ಎರಡು ಗಂಟು ದಾಟಿ ಮೂರನೆಯದು ಹತ್ತಿರ ಬಂದಿರುತ್ತದೆ, ಅಂದರೆ 2.7 ನಾಟ್.

ಮೊದಲ ಸಲ ಮಾಡಿದಾಗ ಮಕ್ಕಳಲ್ಲಿ ಹಲವರು ಹಲಗೆ ಹಿಂದಕ್ಕೆ ಹೋಗುತ್ತದೆ ಎಂದೇ ಹೇಳುತ್ತಾರೆ. ತಿದ್ದಬೇಡಿ. ಪಾತ್ರ ಬದಲಾಯಿಸಿ, ಹಾಗೆ ಹೇಳಿದವರ ಕೈಗೇ ಹಲಗೆ ಕೊಟ್ಟು ನಿಲ್ಲಿಸಿ. ತಾವು ನಿಂತೇ ಇದ್ದೇವೆ, ದೂರ ಹೋಗುತ್ತಿರುವುದು ಹಡಗು ಅಂತ ಆಗ ಅವರಿಗೇ ಗೊತ್ತಾಗುತ್ತದೆ. ಎಲ್ಲರ ಸರದಿ ಮುಗಿದ ಮೇಲೆ ಒಳಗೆ ಕರೆದುಕೊಂಡು ಹೋಗಿ ನಿಮ್ಮ ಕಪಾಟಿನ ಹಳೇ ಮರಳು ಗಡಿಯಾರವನ್ನೋ ಹಡಗಿನ ವೇಗ ಅಳೆಯುವ ಲಾಗ್ ಯಂತ್ರವನ್ನೋ ತೋರಿಸಿ. ಮೊದಲು ತೋರಿಸಬೇಡಿ. ಕೈಯಲ್ಲಿ ಮಾಡಿ ಬಂದವರು ಗಾಜಿಗೆ ಮೂಗು ತಾಗಿಸಿ ನೋಡುತ್ತಾರೆ.

ಗಂಟು ಹಾಕಲು ಕಲಿಸುವಾಗ

ಹಗ್ಗದ ಗಂಟು ಎಲ್ಲ ಕಡಲ ಮ್ಯೂಸಿಯಂಗಳಲ್ಲೂ ಇರುತ್ತದೆ, ಆದರೆ ಬಹಳ ಕಡೆ ಹಲಗೆಯ ಮೇಲೆ ಮೊಳೆ ಹೊಡೆದು ಹೆಸರು ಬರೆದಿರುತ್ತಾರೆ ಅಷ್ಟೇ. ಅದರ ಕೆಳಗೇ ಒಂದು ಮೇಜು ಹಾಕಿ, ಎಂಟರಿಂದ ಹತ್ತು ಮಿಲಿಮೀಟರ್ ದಪ್ಪದ ಮೆತ್ತನೆ ಹಗ್ಗವನ್ನು ಒಂದೂವರೆ ಮೀಟರ್ ಉದ್ದಕ್ಕೆ ಕತ್ತರಿಸಿ ಇಡಿ. ತೀರಾ ಸಣ್ಣ ದಾರದಲ್ಲಿ ಗಂಟು ಹೇಗೆ ಕೂತಿದೆ ಅಂತ ಕಾಣುವುದಿಲ್ಲ, ಬಿಚ್ಚಲೂ ಆಗುವುದಿಲ್ಲ. ಎರಡು ಬಣ್ಣದ ಹಗ್ಗ ಇದ್ದರೆ ಇನ್ನೂ ಒಳ್ಳೆಯದು.

ಕಲಿಸುವವರು ಎದುರು ಕೂರಬಾರದು. ಎದುರು ಕೂತರೆ ಎಡ ಬಲ ಆಗಿ, ಬಲ ಎಡ ಆಗಿ ಎಲ್ಲ ಗೊಂದಲ. ಪಕ್ಕದಲ್ಲಿ ಕೂತು, ಒಂದೇ ದಿಕ್ಕಿಗೆ ಮುಖ ಮಾಡಿ, ಜೊತೆ ಜೊತೆಯಲ್ಲೇ ಹಾಕುತ್ತಾ ಹೋಗಬೇಕು. ಮೊದಲು ಎಂಟರ ಆಕಾರದ ಗಂಟು, ಅದು ಯಾರಿಗಾದರೂ ಬರುತ್ತದೆ. ಆಮೇಲೆ ಬೋಲೈನ್, ಅಂದರೆ ಜಗ್ಗಿದರೂ ಬಿಗಿಯಾಗದ ಕುಣಿಕೆ. ಹಗ್ಗದ ಉದ್ದದ ಭಾಗ ಎಡಗೈಯಲ್ಲಿರಲಿ. ಅದರಲ್ಲಿ ಒಂದು ಸಣ್ಣ ಸುರುಳಿ ಮಾಡಿ, ತುದಿಯ ಕಡೆಯ ಹಗ್ಗ ಮೇಲೆ ಬರುವ ಹಾಗೆ. ತುದಿಯನ್ನು ಸುರುಳಿಯ ಕೆಳಗಿನಿಂದ ಮೇಲಕ್ಕೆ ತೂರಿಸಿ, ಉದ್ದದ ಭಾಗದ ಹಿಂದಿನಿಂದ ಸುತ್ತಿ ತಂದು, ಬಂದ ದಾರಿಯಲ್ಲೇ ಸುರುಳಿಯೊಳಗೆ ಇಳಿಸಿ ಎಳೆಯಿರಿ. ಕುಣಿಕೆಯೊಳಗೆ ಕೈ ಹಾಕಿ ಜಗ್ಗಿ ನೋಡಲು ಹೇಳಿ, ಕೈಗೆ ಬಿಗಿಯಲಿಲ್ಲ ಎಂದರೆ ಸರಿಯಾಗಿದೆ. ಇದೇ ಗಂಟಿನಿಂದ ನೀರಿಗೆ ಬಿದ್ದವರನ್ನು ಮೇಲೆತ್ತುತ್ತಾರೆ ಎಂದು ಹೇಳಿದರೆ ಮಕ್ಕಳು ಇನ್ನೊಂದು ಸಲ ಹಾಕಿ ನೋಡುತ್ತಾರೆ.

ಈ ಮೇಜಿಗೆ ದೋಣಿಯಲ್ಲಿ ದುಡಿದವರನ್ನೇ ಕೂರಿಸಿ. ಅವರು ಒಂದೇ ಗಂಟನ್ನು ಒಂದೇ ಕೈಯಲ್ಲಿ, ಕತ್ತಲಲ್ಲಿ, ನೋಡದೆ ಹಾಕುತ್ತಾರೆ. ಅದನ್ನು ನೋಡುವುದೇ ಒಂದು ಕಾರ್ಯಕ್ರಮ. ಅವರಿಗೆ ಗೌರವಧನ ಕೊಡಿ, ಎಲ್ಲರ ಎದುರು ಹೆಸರು ಹೇಳಿ ಪರಿಚಯಿಸಿ. ಪ್ರೊಫೆಸರ್ ಬಂದರೆ ಶಾಲು ಹೊದಿಸಿ, ಮೀನುಗಾರರು ಬಂದರೆ "ಬನ್ನಿ ಸ್ವಲ್ಪ ತೋರಿಸಿ" ಅನ್ನುವುದು ಸರಿಯಲ್ಲ.

ನೆಲದ ಮೇಲೆ ಒಂದು ಲೈಫ್‌ಬೋಟ್

ದೊಡ್ಡ ಶಾಲಾ ಗುಂಪು ಬಂದಾಗ ಏನು ಮಾಡುವುದು ಎಂದು ಕೇಳುವವರಿಗೆ ನಾನು ಹೇಳುವುದು ಇದನ್ನೇ. ಟೈಟಾನಿಕ್ ಹಡಗಿನ ದೊಡ್ಡ ಲೈಫ್‌ಬೋಟ್‌ಗಳು ಸುಮಾರು 9.1 ಮೀಟರ್ ಉದ್ದ, 2.8 ಮೀಟರ್ ಅಗಲ ಇದ್ದವು. ಒಂದೊಂದರಲ್ಲೂ 65 ಜನ ಕೂರಬಹುದು ಎಂಬುದು ಲೆಕ್ಕ. ಸೀಮೆಸುಣ್ಣದಿಂದ ಅಂಗಳದಲ್ಲಿ ಆ ಅಳತೆಯ ದೋಣಿ ಬರೆಯಿರಿ, ಎರಡೂ ತುದಿ ಚೂಪಾಗಿರಲಿ. ಮಕ್ಕಳನ್ನು ಒಬ್ಬೊಬ್ಬರಾಗಿ ಒಳಗೆ ಕೂರಿಸುತ್ತಾ ಹೋಗಿ. ಮೊದಲು 28ಕ್ಕೆ ನಿಲ್ಲಿಸಿ. 1912ರ ಆ ರಾತ್ರಿ ಮೊದಲು ಇಳಿದ ದೋಣಿಯಲ್ಲಿ ಇದ್ದದ್ದು ಹೆಚ್ಚುಕಡಿಮೆ ಅಷ್ಟೇ ಜನ ಎಂದು ಹೇಳಿ, ಉಳಿದ ಜಾಗ ಎಷ್ಟಿದೆ ನೋಡಲು ಬಿಡಿ. ಆಮೇಲೆ 65 ತುಂಬಿಸಿ. ಆ ಹಡಗಿನಲ್ಲಿ ಲೈಫ್‌ಬೋಟ್ ಇದ್ದದ್ದು 20, ಅವುಗಳಲ್ಲಿ ಜಾಗ 1,178 ಜನರಿಗೆ, ಹಡಗಿನಲ್ಲಿದ್ದವರು 2,200ಕ್ಕೂ ಜಾಸ್ತಿ. ಎರಡು ವರ್ಷದಲ್ಲೇ, 1914ರಲ್ಲಿ, ಕಡಲಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ ಆಯಿತು, ಹಡಗಿನಲ್ಲಿರುವ ಎಲ್ಲರಿಗೂ ಲೈಫ್‌ಬೋಟ್‌ನಲ್ಲಿ ಜಾಗ ಇರಬೇಕು ಎಂಬ ನಿಯಮ ಅದರಲ್ಲಿತ್ತು. ನಿಮ್ಮ ಕಪಾಟಿನಲ್ಲಿರುವ ಹಳೇ ಲೈಫ್ ಜಾಕೆಟ್ ಬಗ್ಗೆ ಮಾತಾಡಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಒಂದು ಎಚ್ಚರಿಕೆ. ಕಡಲತೀರದ ಊರಿನಲ್ಲಿ ಕಡಲಿಗೆ ಯಾರನ್ನಾದರೂ ಕಳೆದುಕೊಂಡ ಮನೆಯ ಮಗು ಗುಂಪಿನಲ್ಲಿ ಇರಬಹುದು. ಮೊದಲೇ ಟೀಚರ್ ಹತ್ತಿರ ಕೇಳಿಕೊಳ್ಳಿ. ಮುಳುಗುವ ನಾಟಕ ಆಡಿಸಬೇಡಿ, ಕಿರುಚಾಟ ಬೇಡ. ದೋಣಿಯ ಅಳತೆ ಮತ್ತು ಲೆಕ್ಕ ಸಾಕು, ಅದರ ಭಾರ ಮಕ್ಕಳಿಗೆ ತಾನೇ ತಟ್ಟುತ್ತದೆ.

ಸಂಜೆಯ ಕಾರ್ಯಕ್ರಮ ಮಾಡುವುದಾದರೆ ದೀಪಸ್ತಂಭ ಆರಿಸಿಕೊಳ್ಳಿ. ಫ್ರಾನ್ಸಿನ ಭೌತವಿಜ್ಞಾನಿ ಫ್ರೆನೆಲ್ ರೂಪಿಸಿದ ಲೆನ್ಸ್ 1823ರಲ್ಲಿ ಅಲ್ಲಿನ ಕಾರ್ಡುವಾನ್ ದೀಪಸ್ತಂಭದಲ್ಲಿ ಬೆಳಗಿತು. ದಪ್ಪ ಗಾಜಿನ ಬದಲು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ತೆಳು ಗಾಜಿನ ಪಟ್ಟಿಗಳು ಬೆಳಕನ್ನೆಲ್ಲ ಒಂದೇ ಕಡೆಗೆ ಕಳಿಸುತ್ತವೆ. ಪುಸ್ತಕ ಓದಲು ಬಳಸುವ ಪ್ಲಾಸ್ಟಿಕ್ ಹಾಳೆಯಂಥ ಭೂತಗನ್ನಡಿಯೂ ಇದೇ ತತ್ವದ್ದು, ಟಾರ್ಚ್ ಮುಂದೆ ಹಿಡಿದು ಗೋಡೆಗೆ ಬಿಟ್ಟರೆ ಅರ್ಥವಾಗುತ್ತದೆ. ಒಂದೊಂದು ದೀಪಸ್ತಂಭಕ್ಕೂ ಅದರದ್ದೇ ಮಿಣುಕಿನ ಲಯ ಇರುತ್ತದೆ. ನಿಮ್ಮ ಕರಾವಳಿಯ ನಕ್ಷೆಯಲ್ಲಿ ಬರೆದಿರುವ ಲಯಗಳನ್ನು ನೋಡಿ ಒಬ್ಬರು ಟಾರ್ಚ್ ಮಿಣುಕಿಸಲಿ, ಉಳಿದವರು ನಕ್ಷೆ ಹಿಡಿದು ಇದು ಯಾವ ದೀಪ, ನಾವು ಎಲ್ಲಿದ್ದೇವೆ ಎಂದು ಹುಡುಕಲಿ. ಆಕಾಶ ತಿಳಿಯಾಗಿದ್ದರೆ ಕಮಾಲ್ ಕೂಡ ಮಾಡಿಸಬಹುದು. ಅರಬ್ ನಾವಿಕರು ಹಿಂದೂ ಮಹಾಸಾಗರದಲ್ಲಿ ಬಳಸುತ್ತಿದ್ದ ಉಪಕರಣ ಅದು, ಒಂದು ಸಣ್ಣ ಹಲಗೆ, ನಡುವಿನಿಂದ ಗಂಟು ಹಾಕಿದ ದಾರ. ದಾರದ ಗಂಟನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯ ಕೆಳ ಅಂಚು ದಿಗಂತಕ್ಕೆ, ಮೇಲಂಚು ಧ್ರುವ ನಕ್ಷತ್ರಕ್ಕೆ ತಾಗುವ ಹಾಗೆ ಹಿಡಿದರೆ ಎಷ್ಟು ಉತ್ತರಕ್ಕಿದ್ದೇವೆ ಎಂದು ತಿಳಿಯುತ್ತಿತ್ತು. ರಟ್ಟು ಮತ್ತು ದಾರದಲ್ಲಿ ಹತ್ತು ನಿಮಿಷದ ಕೆಲಸ.

ದಿನ ಗೊತ್ತು ಮಾಡುವ ಮೊದಲು ಉಬ್ಬರದ ಪಟ್ಟಿ ನೋಡಿ

ಒಳಗಿನ ಕಾರ್ಯಕ್ರಮಕ್ಕೆ ತಿಂಗಳಿಗೊಂದು ಗೊತ್ತಾದ ದಿನ ಇಟ್ಟುಕೊಳ್ಳಿ, ಮೊದಲ ಶನಿವಾರ ಅಂತಲೋ ಏನೋ. ಜನರಿಗೆ ನೆನಪಿರುತ್ತದೆ. ತೀರದ ನಡಿಗೆಗೆ ಮಾತ್ರ ಇದು ನಡೆಯುವುದಿಲ್ಲ. ಹೆಚ್ಚಿನ ಕರಾವಳಿಗಳಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ತಾಸು 25 ನಿಮಿಷ, ಹಾಗಾಗಿ ದಿನಕ್ಕೆ 50 ನಿಮಿಷದಷ್ಟು ಸಮಯ ಮುಂದೆ ಹೋಗುತ್ತಾ ಇರುತ್ತದೆ. ಈ ವಾರ ಸಂಜೆ 4ಕ್ಕೆ ನೀರು ಪೂರಾ ಇಳಿದಿದ್ದರೆ ಮುಂದಿನ ವಾರ ಅದೇ ಹೊತ್ತಿಗೆ ಉಬ್ಬರದ ಹತ್ತಿರ ಬಂದಿರುತ್ತದೆ. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಇಳಿಯುತ್ತದೆ. ಹಳೇ ಜೆಟ್ಟಿಯ ಕಂಬಗಳು, ಲಂಗರು ಕಟ್ಟುತ್ತಿದ್ದ ಕಲ್ಲುಗಳು, ದೋಣಿ ಎಳೆಯುತ್ತಿದ್ದ ಇಳಿಜಾರು ಆಗಲೇ ಕಾಣುವುದು. ಇಳಿತಕ್ಕೆ ಎರಡು ತಾಸು ಮೊದಲು ಹೊರಟು, ನೀರು ಪೂರಾ ಇಳಿದ ಹೊತ್ತಿಗೆ ವಾಪಸ್ ತಿರುಗಿಬಿಡಿ. ಹಿಂದೆ ಒಬ್ಬರು, ಮುಂದೆ ಒಬ್ಬರು ಗೊತ್ತಿರುವವರು ಬೇಕೇ ಬೇಕು. ಹವಾಮಾನ ಸರಿಯಿಲ್ಲ ಎಂದರೆ ಸುಮ್ನೆ ರದ್ದು ಮಾಡಿ, ಬಂದವರಿಗೆ ಒಳಗೆ ಗಂಟು ಕಲಿಸಿ ಕಳಿಸಿ.

ಇನ್ನೊಂದು ವಿಷಯ, ಊರಿನ ದೋಣಿಗಳು ಕಡಲಿಗೆ ಇಳಿಯುವ ಹೊತ್ತಿನಲ್ಲಿ ಕಡಲಿನ ಬಗ್ಗೆ ಕಾರ್ಯಕ್ರಮ ಇಟ್ಟರೆ ಯಾರ ಬಗ್ಗೆ ಹೇಳುತ್ತಿದ್ದೀರೋ ಅವರೇ ಇರುವುದಿಲ್ಲ. ದಕ್ಕೆಗೆ ಹೋಗಿ ಕೇಳಿ ದಿನ ಇಡಿ.

ಹಿರಿಯರ ಮಾತು ಕೇಳುವ ಸಂಜೆ

"ನಿಮ್ಮ ಅನುಭವ ಹೇಳಿ" ಎಂದು ಮೈಕ್ ಕೊಟ್ಟರೆ ಎಂಥ ಮಾತುಗಾರರೂ ಸುಮ್ಮನಾಗುತ್ತಾರೆ. ಕೈಗೆ ವಸ್ತು ಕೊಡಿ. ಬಲೆ ಹೆಣೆಯುವ ಸೂಜಿ, ಒಂದು ಹಳೇ ರಾಟೆ, ಹೆಸರು ಗೊತ್ತಿಲ್ಲದ ಮರದ ತುಂಡು. ಇದು ಏನು, ಯಾರು ಮಾಡಿಕೊಡುತ್ತಿದ್ದರು, ಮುರಿದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿ. ಮಾತು ಹಾಗೇ ಬರುತ್ತದೆ.

ಅವರ ಹತ್ತಿರ ತಪ್ಪದೆ ಕೇಳಬೇಕಾದ ಒಂದು ಪ್ರಶ್ನೆ ಇದೆ. ಜಿಪಿಎಸ್ ಇಲ್ಲದಾಗ ಅದೇ ಜಾಗಕ್ಕೆ ಮತ್ತೆ ಹೇಗೆ ಹೋಗುತ್ತಿದ್ದಿರಿ? ತೀರದ ಎರಡು ಗುರುತುಗಳನ್ನು ಒಂದರ ಹಿಂದೆ ಒಂದು ಬರುವಂತೆ ನೋಡುವುದು, ಉದಾಹರಣೆಗೆ ಗುಡ್ಡದ ತುದಿ ಮತ್ತು ಒಂದು ಎತ್ತರದ ಮರ. ಹಾಗೆಯೇ ಬೇರೆ ದಿಕ್ಕಿನಲ್ಲಿ ಇನ್ನೊಂದು ಜೋಡಿ. ಎರಡೂ ಜೋಡಿ ಕೂಡಿಬಂದ ಜಾಗವೇ ಆ ಜಾಗ. ದೊಡ್ಡ ನಕ್ಷೆ ಹಾಸಿ, ಪೆನ್ಸಿಲ್ ಮತ್ತು ಸ್ಕೇಲ್ ಕೊಟ್ಟು, ಅವರ ಕೈಯಲ್ಲೇ ಗೆರೆ ಎಳೆಸಿ. ಕಡಿದುಹೋದ ಮರ, ಕೆಡವಿದ ಕಟ್ಟಡ, ಈಗ ಯಾರೂ ಬಳಸದ ಬಂಡೆಯ ಹೆಸರು ಎಲ್ಲ ಹೊರಗೆ ಬರುತ್ತವೆ, ಇವು ಯಾವ ಅಚ್ಚಾದ ನಕ್ಷೆಯಲ್ಲೂ ಇರುವುದಿಲ್ಲ. ಕೆಲವರು ತಮ್ಮ ಮೀನಿನ ಜಾಗ ಹೇಳಲು ಇಷ್ಟಪಡುವುದಿಲ್ಲ. ಅದು ಅವರ ಮನೆತನದ ಆಸ್ತಿ ಇದ್ದ ಹಾಗೆ, ಒತ್ತಾಯ ಬೇಡ.

ರೆಕಾರ್ಡ್ ಮಾಡುವುದಾದರೆ ಮೊದಲೇ ಬರಹದಲ್ಲಿ ಒಪ್ಪಿಗೆ ಪಡೆಯಿರಿ, ಯಾವುದನ್ನು ಹೊರಗೆ ಬಿಡಬಹುದು ಯಾವುದನ್ನು ಬಾರದು ಅಂತಲೂ ಕೇಳಿ ಬರೆದುಕೊಳ್ಳಿ. ಫ್ಯಾನ್ ಆಫ್ ಮಾಡಿ, ಕಡಲ ಕಡೆಯ ಕಿಟಕಿ ಮುಚ್ಚಿ, ರೆಕಾರ್ಡರ್ ಮಾತಾಡುವವರ ಹತ್ತಿರ ಇಡಿ. ಅದೇ ರಾತ್ರಿ ಎರಡು ಬೇರೆ ಬೇರೆ ಕಡೆ ನಕಲು ಇಡಿ. ಒಂದು ಪ್ರತಿ ಅವರ ಮನೆಗೂ ಹೋಗಬೇಕು.

ಮನೆಯಲ್ಲಿರುವುದನ್ನು ತನ್ನಿ ಎನ್ನುವ ದಿನ

ಜನ ಇದಕ್ಕೆ ಖುಷಿಯಿಂದ ಬರುತ್ತಾರೆ, ಆದರೆ ಕೆಲವು ಕಟ್ಟುನಿಟ್ಟು ಬೇಕು. ಯಾವ ವಸ್ತುವಿಗೂ ಬೆಲೆ ಹೇಳಬೇಡಿ. ನೋಡಿ, ಫೋಟೋ ತೆಗೆದು, ಕಥೆ ಬರೆದುಕೊಂಡು, ವಸ್ತುವನ್ನು ಅವರ ಕೈಗೇ ವಾಪಸ್ ಕೊಡಿ. "ಇಲ್ಲೇ ಇಟ್ಕೊಳ್ಳಿ" ಎಂದು ಬಿಟ್ಟು ಹೋದರೆ ರಶೀದಿ ಇಲ್ಲದೆ ತೆಗೆದುಕೊಳ್ಳಬೇಡಿ, ಹತ್ತು ವರ್ಷದ ಮೇಲೆ ಅದು ಯಾರದ್ದು ಎಂದು ಯಾರಿಗೂ ಗೊತ್ತಿರುವುದಿಲ್ಲ.

ಕಡಲಿನಿಂದ ಬಂದ ಒದ್ದೆ ಮರವನ್ನೋ ಕಬ್ಬಿಣವನ್ನೋ ಯಾರಾದರೂ ತಂದರೆ ಒಣಗಲು ಬಿಡಬೇಡಿ. ತೊಟ್ಟಿಯಲ್ಲಿ ನೀರಿನೊಳಗೇ ಇಟ್ಟು, ಸಂರಕ್ಷಣೆ ಗೊತ್ತಿರುವವರಿಗೆ ತಿಳಿಸಿ. ವರ್ಷಗಟ್ಟಲೆ ನೀರಿನಲ್ಲಿದ್ದ ಮರದ ಒಳಗೆ ನೀರೇ ಅದನ್ನು ಹಿಡಿದು ನಿಲ್ಲಿಸಿರುತ್ತದೆ, ಒಣಗಿದರೆ ಕುಗ್ಗಿ ಸೀಳುತ್ತದೆ. ಸ್ವೀಡನ್ನಿನ ವಾಸಾ ಹಡಗು 1628ರಲ್ಲಿ ಮೊದಲ ಯಾನದಲ್ಲೇ ಮುಳುಗಿ, 1961ರಲ್ಲಿ ಮೇಲೆ ಬಂತು. ಆಮೇಲೆ ಅದಕ್ಕೆ 17 ವರ್ಷ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಮೇಣದಂಥ ದ್ರಾವಣ ಸಿಂಪಡಿಸಬೇಕಾಯಿತು. ಬಂದವರಿಗೆ ಇದನ್ನು ಹೇಳಿ, ಮುಂದಿನ ಸಲ ಕಡಲ ತಳದಿಂದ ಏನನ್ನೂ ಕಿತ್ತು ತರುವುದಿಲ್ಲ. ನೂರು ವರ್ಷ ನೀರಿನಲ್ಲಿದ್ದ ಇಂಥ ಕುರುಹುಗಳನ್ನು ಇದ್ದಲ್ಲೇ ಕಾಪಾಡುವುದು ಮೊದಲ ಆಯ್ಕೆಯಾಗಬೇಕು ಎಂದು ಯುನೆಸ್ಕೋದ 2001ರ ಒಪ್ಪಂದವೂ ಹೇಳುತ್ತದೆ. ಹಳೇ ಫಿರಂಗಿ ಶೆಲ್ಲು, ಸಿಡಿಗುಂಡಿನ ತರದ್ದು ಏನಾದರೂ ಬಂದರೆ ಮುಟ್ಟಬೇಡಿ, ಜನರನ್ನು ದೂರ ಕಳಿಸಿ ಪೊಲೀಸರಿಗೆ ಫೋನ್ ಮಾಡಿ.

ಉಳಿದ ಸಣ್ಣಪುಟ್ಟ ವಿಷಯಗಳು

ಪ್ರಚಾರಕ್ಕೆ ಬಣ್ಣದ ಪೋಸ್ಟರಿಗಿಂತ ಮೂರು ಜನ ಟೀಚರುಗಳಿಗೆ ನೀವೇ ಫೋನ್ ಮಾಡುವುದು ಹೆಚ್ಚು ಕೆಲಸ ಮಾಡುತ್ತದೆ. ಹೊತ್ತು ಮುಕ್ಕಾಲು ಗಂಟೆ ಸಾಕು. ಕೂರಲು ನಾಲ್ಕು ಕುರ್ಚಿ ಯಾವಾಗಲೂ ಇರಲಿ, ಹಿರಿಯರು ಕೇಳಿ ಪಡೆಯುವುದಿಲ್ಲ. ಕಣ್ಣು ಕಾಣದವರು ಬಂದರೆ ನಿಮ್ಮ ಹಗ್ಗ, ರಾಟೆ, ಪ್ರತಿಕೃತಿ ಎಲ್ಲ ಈಗಾಗಲೇ ಮುಟ್ಟಲು ಸಿಗುವ ಹಾಗಿವೆ, ಅವರಿಗೆಂದೇ ಬೇರೆ ತಯಾರಿ ಜಾಸ್ತಿ ಬೇಕಾಗುವುದಿಲ್ಲ.

ಮುಗಿದ ಮೇಲೆ ಅರ್ಜಿಯಂಥ ಫಾರಂ ತುಂಬಿಸಬೇಡಿ. ಬಾಗಿಲಲ್ಲಿ ನಿಂತು ಒಂದೇ ಪ್ರಶ್ನೆ ಕೇಳಿ, ಮನೆಗೆ ಹೋಗಿ ಯಾರಿಗೆ ಏನು ಹೇಳುತ್ತೀರಿ? ಉತ್ತರವನ್ನು ಅವರ ಮಾತಿನಲ್ಲೇ ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಜೊತೆಗೆ ಎಷ್ಟು ಜನ ಬಂದರು, ಎಷ್ಟು ಜನ ಕೊನೆಯವರೆಗೆ ಉಳಿದರು, ಅದರಲ್ಲಿ ಎರಡನೇ ಸಲ ಬಂದವರು ಎಷ್ಟು. ಅನುದಾನ ಕೇಳುವಾಗ ಈ ಪುಸ್ತಕವನ್ನೇ ಮುಂದಿಡಬಹುದು. ಅದರಲ್ಲೇ ಪ್ರತಿ ಕಾರ್ಯಕ್ರಮಕ್ಕೆ ಒಂದು ಪುಟ ಬಿಡಿ, ಬೇಕಾದ ಸಾಮಾನು, ಹಗ್ಗದ ಅಳತೆ, ಯಾರಿಗೆ ಫೋನ್ ಮಾಡಬೇಕು, ಎಷ್ಟು ಹೊತ್ತು ಹಿಡಿಯಿತು ಎಲ್ಲ ಬರೆದಿಡಿ, ನೀವು ರಜೆಯಲ್ಲಿದ್ದ ದಿನವೂ ಇನ್ನೊಬ್ಬರು ಅದನ್ನು ತೆರೆದು ನೋಡಿ ನಡೆಸುವ ಹಾಗೆ.